ರಾಜರ ಮುನ್ಷಿಯ ವಂಶ

“ಇನ್ನೂ ಮ್ಯಾಲ ಹಚ್ಚು. ಎಲ್ಲಾರಿಗೂ ಕಾಣಬೇಕು,” ಎಂದು ಗೆಳತಿಗೆ ಹೇಳುತ್ತ ಅಂಜನಾ ಪೋಸ್ಟರಿನ ಮೂಲೆಗೆ ಗೋಂದು ಸವರಿದಳು.

ಗೋಗಿ ಊರಿನ ಶಾಲೆಯಲ್ಲಿ ಮರುದಿನ ಶಾಲಾ ಸಂಸತ್ತಿನ ಚುನಾವಣೆ. ಪ್ರಧಾನಮಂತ್ರಿ ಆಗಲು ಏಳನೇ ತರಗತಿಯ ಇಬ್ಬರು ನಿಂತಿದ್ದರು. ಒಬ್ಬ ದೇವಿಂದ್ರ, ಇನ್ನೊಬ್ಬಳು ಅಂಜನಾಳ ಗೆಳತಿ ಅಂಬರೀನ. ಪೋಸ್ಟರಿನಲ್ಲಿ ದಪ್ಪಗೆ ಬರೆದಿತ್ತು: ‘ಸುರಪುರದ ರಾಜರ ಮುನ್ಷಿ ವಂಶದ ಅಂಬರೀನಳಿಗೇ ನಿಮ್ಮ ಓಟು.’

ಅದು ಅಂಬರೀನಳ ಮನೆಯವರೆಲ್ಲ ಹೇಳುವ ಮಾತು. ಹಿಂದೆ ಅವರ ಹಿರಿಯರೊಬ್ಬರು ಮುನ್ಷಿಯಾಗಿ ಅರಮನೆಯ ಪತ್ರಗಳನ್ನು ಬರೆಯುತ್ತಿದ್ದರಂತೆ.

ಮೂರನೇ ತರಗತಿಯ ಕರೆಮ್ಮ ಪೋಸ್ಟರನ್ನು ಅಕ್ಷರ ಕೂಡಿಸಿ ಓದಿದಳು. “ಅಕ್ಕಾ, ಇದು ಖರೇನಾ? ಖರೇ ಇದ್ರ ನಮ್ಮ ಕ್ಲಾಸ್ ಪೂರಾ ನಿಂಗೇ ಹಾಕ್ತದ.”

“ಹೌದು,” ಎಂದಳು ಅಂಬರೀನ. ಅಂದ ಮೇಲೆ ಯಾಕೋ ಸಮಾಧಾನವಾಗಲಿಲ್ಲ.

ಸಂಜೆ ಅಜ್ಜಿ ಖುರ್ಷೀದಬೇಗಂ ರೊಟ್ಟಿ ಬಡಿಯುತ್ತಿದ್ದರು. ಅಂಬರೀನ ಪಕ್ಕದಲ್ಲಿ ಕುಳಿತಳು.

“ದಾದಿ, ನಾವು ಮುನ್ಷಿ ವಂಶದವರು ಅಂತ ಯಾರು ಹೇಳಿದ್ರು?”

“ನಿಮ್ಮ ದಾದಾ. ಅವರಿಗಿ ಅವರ ಅಬ್ಬಾ ಹೇಳಿದ್ರು.”

“ಮುನ್ಷಿ ಬರೆದಿದ್ದು ಒಂದಾದರೂ ಕಾಗದ ಅದ ಏನು?”

ಅಜ್ಜಿ ನಕ್ಕರು. “ನಾ ಅಂತೂ ನೋಡಿಲ್ಲ. ನಮ್ಮ ಮಾವನೋರು ಹೆಬ್ಬಟ್ಟು ಒತ್ತೋರು.”

“ಹಂಗಂದ್ರ ಸುಳ್ಳಾ?”

“ಸುಳ್ಳಂತ ಹೆಂಗ ಹೇಳ್ಲಿ? ಖರೇ ಅಂತನೂ ಹೆಂಗ ಹೇಳ್ಲಿ? ನಂಬೀವಿ, ಅಷ್ಟೇ. ಅದೇ ಮಾತು ಹೇಳಿ ಹೇಳಿ ನಿಮ್ಮಪ್ಪಗ ಸಾಲಿಗಿ ಕಳಿಸೀನಿ.”

ಬೆಳಿಗ್ಗೆ ಅಂಬರೀನ ಎಲ್ಲರಿಗಿಂತ ಮೊದಲು ಶಾಲೆಗೆ ಹೋಗಿ ಪೋಸ್ಟರ್ ಕಿತ್ತಳು. ಅಂಜನಾಳಿಗೆ ಸಿಟ್ಟು ಬಂತು.

“ತಲಿ ಕೆಟ್ಟದೇನು ನಿಂದು? ದೇವಿಂದ್ರ ಹೊಸ ಕ್ರಿಕೆಟ್ ಕಿಟ್ ತರಸ್ತೀನಿ ಅಂತಾನ. ನಮ್ಮ ಕಡಿ ಇದೊಂದೇ ಇತ್ತು.”

“ಮನ್ಯಾಗ ನಂಬೋದು ಬ್ಯಾರೆ. ಗೊತ್ತಿಲ್ಲದ್ದು ಹೇಳಿ ಓಟು ಕೇಳೋದು ಬ್ಯಾರೆ.”

“ಸೋಲ್ತಿ ನೋಡು.”

“ಸೋತ್ರ ಸೋಲ್ತೀನಿ.”

ಅವಳು ನೇರವಾಗಿ ಮೂರನೇ ತರಗತಿಗೆ ಹೋದಳು.

“ಕರೆಮ್ಮ, ನಿನ್ನೆ ನಾ ಹೌದು ಅಂದಿದ್ದೆ. ಅದು ನಮ್ಮ ಮನಿ ಮಂದಿ ನಂಬೋ ಮಾತು. ಖರೇ ಹೌದೋ ಅಲ್ಲೋ ನಂಗ ಗೊತ್ತಿಲ್ಲ.”

ಕ್ಲಾಸಿನಲ್ಲಿ ಗುಸುಗುಸು ಎದ್ದಿತು. “ಮತ್ತ ನಿಂಗ್ಯಾಕ ಹಾಕಬೇಕು?” ಎಂದು ಹಿಂದಿನಿಂದ ಯಾರೋ ಕೇಳಿದರು.

“ಹುಡುಗೇರ ಟಾಯ್ಲೆಟ್ಟಿಗಿ ಚಿಲಕ ಇಲ್ಲ. ಹೆಡ್ ಸರ್‌ಗೆ ಎರಡು ಸಲ ಕೇಳೀನಿ. ಹಾಕ್ಸೋತನಕ ದಿನಾ ಕೇಳ್ತೀನಿ. ಕ್ರಿಕೆಟ್ ಕಿಟ್ ತರಸ್ಲಾಕ ನನ್ನಿಂದ ಆಗಂಗಿಲ್ಲ.”

ಉಳಿದ ಕ್ಲಾಸುಗಳಲ್ಲೂ ಅಷ್ಟನ್ನೇ ಹೇಳಿದಳು.

ಮಧ್ಯಾಹ್ನ ಓಟು ಎಣಿಸಿ ಸರ್ ಬೋರ್ಡಿನ ಮೇಲೆ ಬರೆದರು: ದೇವಿಂದ್ರ 74, ಅಂಬರೀನ 61. ಹುಡುಗರು ದೇವಿಂದ್ರನನ್ನು ಎತ್ತಿಕೊಂಡು ಓಡಿದರು.

“ಪೋಸ್ಟರ್ ಇದ್ದಿದ್ರ ಗೆಲ್ತಿದ್ದಿ,” ಎಂದಳು ಅಂಜನಾ.

“ಗೆಲ್ತಿದ್ದೆ ಅನಸ್ತದ.”

“ಇನ್ನ ಹೆಡ್ ಸರ್ ಕಡಿ ಹೋಗಂಗಿಲ್ಲ ಅಲ್ಲ?”

“ಯಾಕ ಹೋಗಂಗಿಲ್ಲ? ನಾಳೀನೂ ಹೋಗ್ತೀನಿ.”

“ನಾನೂ ಬರ್ತೀನಿ,” ಎಂದಳು ಅಂಜನಾ, ಇನ್ನೂ ಮುಖ ಊದಿಸಿಕೊಂಡೇ.

ಅಂಬರೀನ ಬೋರ್ಡನ್ನು ಮತ್ತೊಮ್ಮೆ ನೋಡಿದಳು. ಅರವತ್ತೊಂದು. ಆ ಓಟುಗಳು ಯಾವ ಮುನ್ಷಿಗೂ ಬಿದ್ದಿರಲಿಲ್ಲ.