ಹೆಸರಿಗೆ ಅಂಟಿಸಿದ ಗುಟ್ಟು

ಬಾಗಿಲಿಗೆ ಇನ್ನೊಂದು ಒದೆ ಬಿತ್ತು. ಚಿಲಕ ಅರ್ಧ ಕಿತ್ತು ಬಂತು.

ಲ್ಯಾಬಿನಾಕೆಯ ಕೈ ಹಿಡಿದು ಹಿಂಬಾಗಿಲಿಗೆ ಓಡಿದೆ. ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುವಾಕೆ. ಮಕ್ಕಳ ಸಿರಪ್ಪಿನಲ್ಲಿ ವಿಷವಿದೆ ಎಂದು ಬಾಯಿಬಿಟ್ಟ ಒಬ್ಬಳೇ ಸಾಕ್ಷಿ. ನಾನು ಅವಳ ವಕೀಲ; ಅವಳನ್ನು ಉಳಿಸುವುದು ನನ್ನ ಕೆಲಸ.

ಸ್ಕೂಟರ್ ಸಂದಿಯಿಂದ ಸಂದಿಗೆ ನುಗ್ಗಿತು. ಬೆನ್ನ ಹಿಂದೆ ಕಂಪನಿಯವರ ಬೈಕಿನ ಸದ್ದು... ಸಿಲಿಂಡರ್ ಲಾರಿಯೊಂದು ರಿವರ್ಸ್ ಬಂದು ಬೈಕಿಗೆ ಅಡ್ಡ ನಿಂತಿತು. ಬದುಕಿದೆವು.

"ನನ್ನ ಹೆಸರು ಯಾರಿಗೂ ಗೊತ್ತಾಗಲ್ಲ ಅಂದಿದ್ರಿ, ಸರ್."

ಅಂದಿದ್ದೆ. ನಂಬಿಯೇ ಅಂದಿದ್ದೆ.

ವಿಚಾರಣಾ ಸಮಿತಿಗೆ ನಾನು ಕೊಟ್ಟಿದ್ದು ಅವಳ ಹೆಸರನ್ನಲ್ಲ, ಹೆಸರಿನ ಹ್ಯಾಶ್. ಪ್ರೋಗ್ರಾಮಿಗೆ ಹೆಸರು ಹಾಕಿದರೆ ತಲೆಬುಡವಿಲ್ಲದ ಅಕ್ಷರಗಳ ಸಾಲು ಬರುತ್ತದೆ. ಆ ಸಾಲಿನಿಂದ ಹೆಸರಿಗೆ ಮರಳುವ ದಾರಿಯಿಲ್ಲ. ಆದರೆ ಸಮಿತಿಯಿಂದ ಆ ಸಾಲಿನ ಒಂದು ನಕಲು ಕಂಪನಿಗೂ ಹೋಗುತ್ತದೆ. ಅವರು ಸಿಬ್ಬಂದಿಯ ಹೆಸರುಗಳನ್ನೆಲ್ಲ ಒಂದೊಂದಾಗಿ ಹಾಕಿ ತಾಳೆ ನೋಡಿದರೆ? ಅದಕ್ಕೇ ಹೆಸರಿಗೆ ಒಂದು ಗುಟ್ಟಿನ ಪದ ಅಂಟಿಸಿದ್ದೆವು. ಪದ ಗೊತ್ತಿಲ್ಲದವನು ತಲೆ ಚಚ್ಚಿಕೊಳ್ಳಬೇಕು, ಅಷ್ಟೆ.

ಗೊತ್ತಿದ್ದದ್ದು ನನಗೆ. ಮತ್ತು ಪ್ರೋಗ್ರಾಮ್ ಬರೆದುಕೊಟ್ಟ ಭಾವನಿಗೆ.

ನಾನೇ ಎಲ್ಲಾದರೂ ಬಾಯಿ ಜಾರಿದೆನೇ? ದಾರಿಯುದ್ದಕ್ಕೂ ನನ್ನನ್ನೇ ಅನುಮಾನಿಸಿದೆ. ಅಕ್ಕನ ಗಂಡನನ್ನು ಅನುಮಾನಿಸುವುದಕ್ಕಿಂತ ಅದು ಸುಲಭ, ನೀವೇ ಹೇಳಿ.

ಲ್ಯಾಬಿನಾಕೆಯನ್ನು ಸ್ಕೂಟರ್ ಪಕ್ಕ ನಿಲ್ಲಿಸಿ ಭಾವನ ಮನೆಯ ಮೆಟ್ಟಿಲು ಹತ್ತಿದೆ. ಭಾವ ಬಾಗಿಲು ತೆಗೆದರು. ಕೊರಳಲ್ಲಿ ಹೊಸ ಐಡಿ ಕಾರ್ಡು.

ಅದೇ ಕಂಪನಿಯದು.

"ಯಾವಾಗ ಸೇರಿದ್ರಿ, ಭಾವ?"

"ಕಂಪ್ಯೂಟರ್ ವಿಭಾಗಕ್ಕೆ ಹೆಡ್ ಮಾಡ್ತೀವಿ ಅಂದ್ರು..." ಅವರ ಕಣ್ಣು ನೆಲ ನೋಡುತ್ತಿತ್ತು. "ಪದ ಒಂದೇ ಕೇಳಿದ್ದು ಕಣೋ. ಹೆಸರು ನಾನು ಹೇಳಿಲ್ಲ."

ನನಗೆ ಕೀಬೋರ್ಡ್ ಕಲಿಸಿದವರು ಇವರೇ. ತಪ್ಪು ಹೊಡೆದಾಗಲೆಲ್ಲ ಬೆರಳು ಹಿಡಿದು ಸರಿ ಜಾಗಕ್ಕೆ ಇಟ್ಟವರು.

ಅವರ ಕಂಪ್ಯೂಟರಿನಲ್ಲೇ ಅವರ ಪ್ರೋಗ್ರಾಮ್ ತೆರೆದೆ. ಐಡಿ ಕಾರ್ಡಿನಲ್ಲಿದ್ದ ಹೆಸರು ಹಾಕಿದೆ. ಅದಕ್ಕೆ ಅದೇ ಗುಟ್ಟಿನ ಪದ ಅಂಟಿಸಿದೆ. ಬಂದ ಸಾಲನ್ನು 'ಎರಡನೇ ಸಾಕ್ಷಿ' ಎಂದು ಸಮಿತಿಗೆ ಕಳಿಸಿದೆ.

"ಏನೋ ಮಾಡಿದೆ?"

"ನಿಮ್ಮ ಹೆಸರು ನಾನೂ ಹೇಳಿಲ್ಲ, ಭಾವ. ಆದ್ರೆ ಈ ಸಾಲೂ ಕಂಪನಿಗೆ ಹೋಗುತ್ತೆ, ಪದ ಅವರ ಹತ್ರ ಇದೆ. ಈಗ ಅವರ ಸಿಬ್ಬಂದೀಲಿ ನೀವೂ ಇದ್ದೀರಿ."

ಭಾವನ ಮುಖ ಸುಣ್ಣ ಬಳಿದಂತಾಯಿತು. ಇನ್ನು ಅವರಿಗೂ ಉಳಿದಿದ್ದು ಒಂದೇ ಜಾಗ... ಸಮಿತಿಯ ಮುಂದೆ, ನಿಜವಾದ ಸಾಕ್ಷಿಯಾಗಿ. ಚಪ್ಪಲಿ ಮೆಟ್ಟದೆ ಓಡಿಬಂದು ಸ್ಕೂಟರ್ ಹಿಂದೆ ಕೂತರು.

ಇದ್ದದ್ದು ಒಂದೇ ಹೆಲ್ಮೆಟ್. ಎಷ್ಟಾದರೂ ಅಕ್ಕನ ಗಂಡ ಎಂದು ಒಂದು ಕ್ಷಣ ಯೋಚಿಸಿದೆ.

ಆಮೇಲೆ ಲ್ಯಾಬಿನಾಕೆಗೆ ಕೊಟ್ಟೆ.