ಎರಡನೇ ಮಾತು

"ನನ್ನ ಗಣಿತದ ಪಿರಿಯಡ್‌ನ್ಯಾಗ ಏಳು ಹುಡುಗ್ಯಾರನ್ನ ಮೈದಾನಕ್ಕ ಕರಕೊಂಡು ಹೋದವರು ಯಾರ್ರಿ?"

ಶಕುಂತಲಾ ಕೇಳಿದ ರಭಸಕ್ಕೆ ಹೊಸ ಡ್ರಿಲ್ ಮಾಸ್ತರ ಮಚ್ಚೇಂದ್ರ ಕೈಯಲ್ಲಿದ್ದ ಚೆಂಡನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಬಾಸ್ಕೆಟ್‌ಬಾಲ್ ಅಷ್ಟು ಸುಲಭಕ್ಕೆ ಅಡಗುತ್ತದೆಯೇ?

"ತಪ್ಪಾತ್ರಿ ಅಕ್ಕೋರ. ಟೈಂ ಟೇಬಲ್ ಬರೋಬರಿ ನೋಡಲಿಲ್ಲ."

"ತಪ್ಪಾದವರು ಹಿಂಗ ನಗ್ತಾರೇನು?"

"ನಿಮ್ಮ ಸಿಟ್ಟು ನೋಡಿ ನಗು ಬರಾಕತ್ತದರಿ. ಏನು ಮಾಡ್ಲಿ?"

ಅದು ೧೯೭೪. ಬಸವಕಲ್ಯಾಣದ ಒಂದು ಹೆಣ್ಣುಮಕ್ಕಳ ಹೈಸ್ಕೂಲು. ಶಕುಂತಲಾ ಹುಮನಾಬಾದಿನ ಲಿಂಗಾಯತ ಬಟ್ಟೆ ವ್ಯಾಪಾರಿಯ ಮಗಳು, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಮಚ್ಚೇಂದ್ರ ಹತ್ತಿರದ ಮೋರಖಂಡಿ ಹಳ್ಳಿಯವನು, ದಲಿತರಿಂದ ಬೌದ್ಧರಾದ ಕೂಲಿಕಾರ ಮನೆತನದವನು, ತನ್ನ ಓಣಿಯಿಂದ ಕಾಲೇಜು ಕಂಡ ಮೊದಲಿಗ.

ಜಗಳ ಒಪ್ಪಂದದಲ್ಲಿ ಮುಗಿಯಿತು. ಸಂಜೆ ಒಂದು ತಾಸು ಅವಳ ಲೆಕ್ಕ, ಆಮೇಲೆ ಅವನ ಆಟ. ಲೆಕ್ಕ ಬಿಡಿಸದವರು ಚೆಂಡು ಮುಟ್ಟುವಂತಿಲ್ಲ. ವೆಲ್ಡಿಂಗ್ ಅಂಗಡಿಯ ಮಹೆಬೂಬ ಕಬ್ಬಿಣದ ಸಲಾಕೆ ಬಗ್ಗಿಸಿ ರಿಂಗ್ ಮಾಡಿಕೊಟ್ಟ. ಲಂಗ ಎತ್ತಿ ಸಿಕ್ಕಿಸಿ ಹುಡುಗಿಯರು ಓಡತೊಡಗಿದರು. ಹತ್ತನೆಯ ತರಗತಿಗೆ ಮೊದಲೇ ಲಗ್ನವಾಗಿ ಹೋಗಬೇಕಿದ್ದ ಇಬ್ಬರು, ಆಟಕ್ಕಾಗಿಯೇ ಹಟ ಹಿಡಿದು ಶಾಲೆಯಲ್ಲಿ ಉಳಿದರು.

ಹುಡುಗಿಯರು ಹೋದ ಮೇಲೆ ಒಮ್ಮೆ ಅವನು ಚೆಂಡನ್ನು ಅವಳ ಕೈಗಿತ್ತ.

"ರಿಂಗ್ ಕಡೆ ನೋಡ್ರಿ, ನನ್ನ ಕಡೆ ಅಲ್ಲ."

"ನಿಮ್ಮ ಕಡೆ ಯಾರು ನೋಡಾಕತ್ತಾರ?" ಎಂದಳು. ನೋಡುತ್ತಲೇ ಇದ್ದಳು. ಚೆಂಡು ರಿಂಗಿನ ಹತ್ತಿರಕ್ಕೂ ಹೋಗಲಿಲ್ಲ.

ಅವಳ ಬಸ್ಸು ಬರುವವರೆಗೆ ಸ್ಟ್ಯಾಂಡಿನಲ್ಲಿ ಅವನೂ ನಿಲ್ಲುವುದು ರೂಢಿಯಾಯಿತು. ನಡುವೆ ನಾಲ್ಕು ಮೊಳದ ಅಂತರ, ಸುತ್ತಲೂ ಜನ. ಆದರೂ ಅವನು ಬಂದಿದ್ದಾನೆಂಬುದು ಅವಳಿಗೆ ತಿರುಗಿ ನೋಡದೆಯೂ ತಿಳಿಯುತ್ತಿತ್ತು. ಅಂಥದೊಂದು ಸಂಜೆ ಅವನು ಮೆಲ್ಲಗೆ ಕೇಳಿಬಿಟ್ಟ, "ರಿಜಿಸ್ಟರ್ ಲಗ್ನ ಆಗೂಣೇನ್ರಿ?"

ಅವಳ ಕಿವಿ ಕೆಂಪಾಯಿತು. "ಹೂಂ. ಗುಲಬರ್ಗಾದ ಮ್ಯಾಚ್ ಮುಗೀಲಿ. ಅಪ್ಪಗ ನಾನೇ ಹೇಳ್ತೀನಿ."

ಆ ವರ್ಷ ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್‌ನಲ್ಲಿ ಹುಡುಗಿಯರ ಆಟ ನೋಡಿ ತಾಯಂದಿರು ಚಪ್ಪಾಳೆ ತಟ್ಟಿದ್ದರು. ಗುಲಬರ್ಗಾದ ಪಂದ್ಯಕ್ಕೆ ಕರೆ ಬಂದದ್ದು ಅದಾದ ಮೇಲೆಯೇ. ಆದರೆ ಹೊರಡಲು ಮೂರು ದಿನ ಇರುವಾಗ ಪಾಲಕರು ಸಭೆ ಸೇರಿಸಿದರು. ತಂಡದ ನಾಯಕಿ ಸಂಗಮ್ಮನ ತಂದೆ ಮಹಾರುದ್ರಪ್ಪ ಎದ್ದು ನಿಂತರು.

"ಅಕ್ಕೋರ, ಊರಾಗ ಮಾತು ಎದ್ದಾವ. ನಿಮ್ಮಿಬ್ಬರ ನಡುವ ಏನರ ಅದ ಏನು? ಇದ್ರ ನಮ್ಮ ಹುಡುಗ್ಯಾರನ್ನ ನಿಮ್ಮ ಕೂಡ ಕಳಸೂದಿಲ್ಲ."

ಮೂಲೆಯ ಬೆಂಚಿನಲ್ಲಿ ಮಚ್ಚೇಂದ್ರ ತಲೆ ತಗ್ಗಿಸಿ ಕುಳಿತಿದ್ದ. ಬಾಗಿಲಾಚೆ ಹುಡುಗಿಯರು ಕಿವಿಗೊಟ್ಟು ನಿಂತಿದ್ದರು.

"ಏನೂ ಇಲ್ರಿ," ಎಂದಳು ಶಕುಂತಲಾ.

ಅಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಎಲ್ಲರೂ ಇನ್ನೂ ಅವಳ ಮುಖವನ್ನೇ ನೋಡುತ್ತಿದ್ದರು. ಅಪ್ಪನ ಪರಿಚಯದವರೂ ಅವರಲ್ಲಿದ್ದರು. ಬಾಯಿಂದ ಇನ್ನೊಂದು ಮಾತು ಜಾರಿತು: "ಅವರ ಮಂದಿ ಎಲ್ಲಿ, ನಮ್ಮ ಮಂದಿ ಎಲ್ಲಿ?"

ಸಭೆ ನಿರಾಳವಾಯಿತು. ಯಾರೋ ನಕ್ಕರು ಕೂಡ. ಮಚ್ಚೇಂದ್ರ ತಲೆ ಎತ್ತಿ ಒಮ್ಮೆ ಅವಳನ್ನು ನೋಡಿದ, ಅಷ್ಟೇ.

ಗುಲಬರ್ಗಾದಲ್ಲಿ ಹುಡುಗಿಯರು ಎರಡು ಪಂದ್ಯ ಗೆದ್ದು ಬಂದರು. ಅಲ್ಲಿ ಅವನು ಅವಳೊಡನೆ ಆಟದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಅವಳೂ ತಪ್ಪಾಯಿತೆಂದು ನಾಳೆ ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದುಕೊಂಡಳು. ಜೂನ್‌ನಲ್ಲಿ ಶಾಲೆ ಶುರುವಾದಾಗ ಅವನು ವರ್ಗ ಮಾಡಿಸಿಕೊಂಡು ಹೋಗಿಯಾಗಿತ್ತು. ಮೂರು ಸಲ ಕಾಗದ ಬರೆದು ಮೂರು ಸಲವೂ ಹರಿದಳು. ಆಮೇಲೆ ಬಂದ ವರಗಳನ್ನೆಲ್ಲ ಬೇಡವೆಂದಳು. ಅದಕ್ಕೆ ಕಾರಣವನ್ನು ಮಾತ್ರ ಅಪ್ಪನಿಗೆ ಕೊನೆಯವರೆಗೂ ಹೇಳಲಿಲ್ಲ.

೧೯೮೫ರಲ್ಲಿ ಹುಮನಾಬಾದಿನಲ್ಲಿ ತಾಲೂಕುಗಳ ಹುಡುಗಿಯರ ಪಂದ್ಯ ನಡೆಯಿತು. ನಡೆಸಿದವಳು ಸಂಗಮ್ಮ. ಈಗ ಅವಳೇ ಡ್ರಿಲ್ ಟೀಚರು. ತನಗೆ ಕಲಿಸಿದ ಇಬ್ಬರನ್ನೂ ಕರೆಸಿ ಅಕ್ಕಪಕ್ಕದ ಕುರ್ಚಿಯಲ್ಲಿ ಕೂರಿಸಿದಳು.

ಮಚ್ಚೇಂದ್ರನ ಕೂದಲು ನರೆಯತೊಡಗಿತ್ತು. ಜೊತೆಗೆ ಹೆಂಡತಿ, ಆರು ವರ್ಷದ ಮಗಳು. ಅವರಿಬ್ಬರೂ ಚಹಾ ತರಲು ಎದ್ದಾಗ ಶಕುಂತಲಾ ತಡೆಯಲಾರದೆ ನುಡಿದಳು, "ಆವತ್ತು ನಾ ಸುಳ್ಳು ಹೇಳಿದೆ."

"ಗೊತ್ತದರಿ. ಏನೂ ಇಲ್ಲ ಅಂದದ್ದು ಹುಡುಗ್ಯಾರ ಸಲುವಾಗಿ. ಆ ಮಾತಿಗೆ ನನಗ ಸಿಟ್ಟೇ ಬರಲಿಲ್ಲ." ಅವನು ಮೈದಾನದಿಂದ ಕಣ್ಣು ತೆಗೆಯಲಿಲ್ಲ. "ಎರಡನೇ ಮಾತು ಯಾರ ಸಲುವಾಗಿ ಹೇಳಿದ್ರಿ?"

ಹನ್ನೊಂದು ವರ್ಷ ಅವಳು ತನ್ನನ್ನು ತಾನು ಕೇಳಿಕೊಳ್ಳದೆ ತಪ್ಪಿಸಿಕೊಂಡಿದ್ದ ಪ್ರಶ್ನೆ ಅದು.

"ನನ್ನ ಸಲುವಾಗಿ," ಎಂದಳು ಕೊನೆಗೆ. "ಅಂಜಿದ್ದೆ. ಆದ್ರ ನಿಮ್ಮ ಮ್ಯಾಲಿನ ಪ್ರೀತಿ ಖರೇನ ಇತ್ತು."

"ಇತ್ತರಿ. ಇರದಿದ್ರ ಆ ಮಾತು ಎಂದೋ ಮರೀತಿದ್ದೆ."

ಮಗಳು ಓಡಿಬಂದು ಅವನ ಬೆರಳು ಹಿಡಿದಳು. "ಅಕ್ಕೋರಿಗೆ ಶರಣು ಮಾಡವ್ವ," ಎಂದ. ಹುಡುಗಿ ಕೈ ಜೋಡಿಸಿದಳು. ಶಕುಂತಲಾ ಅವಳ ತಲೆ ಸವರಿ, ಹೆಸರು ಕೇಳಿ, ಲೆಕ್ಕ ಚೆನ್ನಾಗಿ ಕಲಿ ಎಂದು ಹೇಳಿ, ಮುಖ ಬೇರೆ ಕಡೆ ತಿರುಗಿಸಿಕೊಂಡಳು.