ಟವೆಲ್ ಹಾಕಿದ ಸೀಟು

ಗ್ಯಾಸ್‌ಲೈಟಿನ ಸೀಮೆಎಣ್ಣೆ ವಾಸನೆ ಎಂದರೆ ನನಗೆ ಗದಗಿನ ನಾಟಕ ಕಂಪನಿಯ ಡೇರೆ. ಅಪ್ಪ ಮೊದಲೇ ಹೋಗಿ, ಟವೆಲ್ ಹಾಕಿ ನಮಗೆ ಜಾಗ ಹಿಡಿದಿರುತ್ತಿದ್ದರು.

ಕಳೆದ ಜುಲೈನ ಒಂದು ಮಧ್ಯಾಹ್ನ, ಪಕ್ಕದ ಮನೆಯ ಶಿವಾನಿ ಅಮೆರಿಕದ ಸೌತ್‌ಫೀಲ್ಡ್‌ನಿಂದ ನನ್ನನ್ನು ಬೇಸಿಗೆಯಲ್ಲಷ್ಟೇ ನಾಟಕ ಆಡುವ ಹಳೆಯ ರಂಗಮಂದಿರವೊಂದಕ್ಕೆ ಕರೆದೊಯ್ದಳು. ಅಲ್ಲಿ ಪ್ರತಿ ವರ್ಷವೂ ನನಗೂ ಯಜಮಾನರಿಗೂ ಅವೇ ಎರಡು ಸೀಟು. ಅವರು ಚಳಿಗಾಲದಲ್ಲಿ ತೀರಿಕೊಂಡಿದ್ದರು. ಖಾಲಿ ಸೀಟಿನ ಪಕ್ಕ ಇನ್ನೊಂದು ವರ್ಷ ಕೂರುವ ತ್ರಾಣ ನನ್ನಲ್ಲಿರಲಿಲ್ಲ. ನಾಟಕ ಮುಗಿದ ಮೇಲೆ, ಅವರ ಸೀಟನ್ನು ಬಿಟ್ಟುಕೊಡುತ್ತೇನೆಂದು ಟಿಕೆಟ್ ಕಿಟಕಿಯಲ್ಲಿ ಹೇಳಿಬರುವವಳಿದ್ದೆ.

ಆದರೂ, ತನ್ನದೇ ಟಿಕೆಟ್ ಕೊಂಡ ಶಿವಾನಿ ನನ್ನ ಇನ್ನೊಂದು ಬದಿಗೆ ಕೂರುವಾಗ, ನಾನು ಅವರ ಸೀಟಿನ ಮೇಲೆ ಟವೆಲ್ ಹಾಕಿಬಿಟ್ಟೆ.

“ಅಯ್ಯ ಆಂಟಿ, ಟಿಕೆಟ್ ಮ್ಯಾಲೆ ನಂಬರ್ ಐತಲ್ರಿ! ಯಾರ್ ಬಂದು ಕೂಡ್ತಾರ?” ಶಿವಾನಿ ನಕ್ಕಳು.

“ಇರ್ಲಿ ಬಿಡವಾ, ಕೈ ಕೇಳಂಗಿಲ್ಲ.”

ಅವು ಯಾರೂ ಕೂರದಿದ್ದರೆ ತಾವೇ ಮೇಲಕ್ಕೆ ಮಡಚಿಕೊಳ್ಳುವ ಸೀಟುಗಳು. ತೆಳ್ಳನೆಯ ಟವೆಲ್ ಇಟ್ಟ ಆ ಸೀಟು ಮಾತ್ರ ಕೆಳಗೇ ಉಳಿಯಿತು. ಎ.ಸಿ. ಇಲ್ಲದ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಸೆಕೆಯಲ್ಲಿ ಆ ಬದಿಯ ನನ್ನ ಮೊಣಕೈ ತಣ್ಣಗಾಯಿತು. ಎರಡನೆಯ ಅಂಕದ ಹೊತ್ತಿಗೆ ಸೀಮೆಎಣ್ಣೆ ವಾಸನೆ ಬಂತು. ಅಲ್ಲಿದ್ದುದೆಲ್ಲ ವಿದ್ಯುತ್ ದೀಪಗಳೇ.

ನಾಟಕ ಮುಗಿದಾಗ ಟವೆಲ್ ತೆಗೆದೆ. ಸೀಟು ಮೇಲೇಳಲಿಲ್ಲ. ಶಿವಾನಿ ಬಗ್ಗಿ ಅದನ್ನು ಮೇಲಕ್ಕೆತ್ತಿ ಕೈ ಬಿಟ್ಟಳು. ವಯಸ್ಸಾದವರು ಮೊಣಕಾಲು ಹಿಡಿದು ಕೂರುವ ಹಾಗೆ, ಅದು ಮೆಲ್ಲಗೆ ಮತ್ತೆ ಕೆಳಗಿಳಿಯಿತು.

ಟಿಕೆಟ್ ಕಿಟಕಿಯ ಮುಂದೆ ನಾನು ನಿಲ್ಲಲಿಲ್ಲ. ಕಾರಿನಲ್ಲಿ ಕುಳಿತ ಮೇಲೆ ಶಿವಾನಿ ರೊಟ್ಟಿ ಪಲ್ಯದ ಡಬ್ಬಿಯ ಮುಚ್ಚಳ ತೆಗೆದು ನನ್ನ ಕೈಗಿಟ್ಟಳು.